ತಾಳವಾಡಿ ಸೀಮೆಯ ಹಿಟ್ಟು, ಬಸ್ಸಾರು

ತಾಳವಾಡಿ ಬೆಟ್ಟಸೀಮೆಯ ಕನ್ನಡ ಮನೆಗಳಲ್ಲಿ ರಾತ್ರಿಯೂಟವೆಂದರೆ ರಾಗಿ ಹಿಟ್ಟು, ಸೊಪ್ಪಿನ ಸಾರು. ಮುದ್ದೆಗೆ ಚಾಮರಾಜನಗರದ ಕಡೆಯಂತೆ ಇಲ್ಲಿಯೂ ಹಿಟ್ಟು ಎಂದೇ ಹೆಸರು. ಸತ್ಯಮಂಗಲದಿಂದ ಹೊರಟು ದಿಂಬಂ ಘಟ್ಟದ 27 ತಿರುವುಗಳನ್ನು ಹತ್ತಿದ ಮೇಲೆ ಊಟದ ರೀತಿಯೇ ಬದಲಾಗುತ್ತದೆ. 1956ರಲ್ಲಿ ಕೊಯಮತ್ತೂರು ಜಿಲ್ಲೆಯ ಕೊಳ್ಳೇಗಾಲ ಮೈಸೂರು ರಾಜ್ಯಕ್ಕೆ ಸೇರಿತು, ತಾಳವಾಡಿ ಮದ್ರಾಸಿನಲ್ಲೇ ಉಳಿಯಿತು. 1979ರಲ್ಲಿ ಈರೋಡು ಜಿಲ್ಲೆಯಾದಾಗ ಅದರ ಪಾಲಿಗೆ ಬಂತು. ಒಲೆಯ ಮೇಲಿನ ಪಾತ್ರೆಗೆ ಮಾತ್ರ ಈ ಗಡಿಗಳು ಯಾವುವೂ ತಟ್ಟಲಿಲ್ಲ.

ಇಲ್ಲಿ ರಾಗಿ ಮಳೆಯಾಶ್ರಿತ ಬೆಳೆ. ಹೊಲಗಳ ಸುತ್ತ ಸತ್ಯಮಂಗಲ ಹುಲಿ ಸಂರಕ್ಷಿತ ಪ್ರದೇಶದ ಕಾಡು. ತೆನೆ ಬಲಿಯುವ ಹೊತ್ತಿಗೆ ಆನೆ, ಹಂದಿಗಳ ಕಾಟ. ಇರುಳು ಕಾವಲಿಗೆ ಹೋಗುವವರು ಬೇಗ ಉಣ್ಣಬೇಕು, ಉಂಡದ್ದು ಬೆಳಗಿನವರೆಗೂ ನಿಲ್ಲಬೇಕು. ಆ ಗಟ್ಟಿತನ ಹಿಟ್ಟಿಗಿದೆ, ಅನ್ನಕ್ಕಿಲ್ಲ.

ಬಸ್ಸಾರಿನ ಹೂರಣವೆಲ್ಲ ಬೆರಕೆ ಸೊಪ್ಪಿನಲ್ಲಿದೆ. ದಂಟು, ಕೀರೆ, ಅಣ್ಣೆ, ಗಣಿಕೆ, ಹೊನಗೊನ್ನೆ, ನುಗ್ಗೆ: ಹೊಲದಲ್ಲಿ, ಬದುವಿನ ಮೇಲೆ ಆ ದಿನ ಸಿಕ್ಕಿದ್ದೆಲ್ಲ ಮಡಿಲಿಗೆ. ಒಂದೇ ಸೊಪ್ಪಿನ ಬಸ್ಸಾರು ಸಪ್ಪೆ ಎನ್ನದೆ ವಿಧಿಯಿಲ್ಲ. ನಾಲ್ಕು ಮಂದಿಗೆ ಒಂದು ಲೋಟ ಅಲಸಂದೆ ಅಥವಾ ಹುರುಳಿಕಾಳು ಸಾಕು. ಕಾಳು ಮುಕ್ಕಾಲು ಬೆಂದ ಮೇಲೆ ಸೊಪ್ಪು ಹಾಕಿ, ಉಪ್ಪು ಬೆರೆಸಿ, ಬೆಂದೊಡನೆ ಕಟ್ಟನ್ನು ಬಸಿಯುತ್ತಾರೆ. ಈರುಳ್ಳಿ, ಬೆಳ್ಳುಳ್ಳಿ, ಒಣಮೆಣಸಿನಕಾಯಿ, ಕೊತ್ತಂಬರಿ ಬೀಜ, ಜೀರಿಗೆ, ಮೆಣಸುಗಳನ್ನು ಹುರಿದು, ಕಾಯಿತುರಿ, ಹುಣಸೆ ಮತ್ತು ಬೆಂದ ಸೊಪ್ಪುಕಾಳಿನ ಒಂದು ಹಿಡಿಯೊಂದಿಗೆ ರುಬ್ಬಿ ಕಟ್ಟಿಗೆ ಸೇರಿಸಿ ಕುದಿಸಿದರೆ ಸಾರು. ರುಬ್ಬುವಾಗ ಆ ಒಂದು ಹಿಡಿ ಮರೆತರೆ ಸಾರು ನೀರಾಗಿ ಹಿಟ್ಟಿಗೆ ಅಂಟುವುದಿಲ್ಲ. ಉಳಿದ ಸೊಪ್ಪುಕಾಳಿಗೆ ಸಾಸಿವೆ, ಬೆಳ್ಳುಳ್ಳಿಯ ಒಗ್ಗರಣೆ ಕೊಟ್ಟರೆ ಪಲ್ಯ.

ಹಿಟ್ಟಿಗೆ ಒಂದು ಲೋಟ ರಾಗಿಹಿಟ್ಟು, ಎರಡು ಲೋಟ ನೀರು. ಚಿಟಿಕೆ ಹಿಟ್ಟು ಕದಡಿದ ನೀರು ಮರಳುವಾಗ ಉಳಿದ ಹಿಟ್ಟನ್ನು ನಡುವೆ ಗುಡ್ಡೆಯಾಗಿ ಸುರಿದು, ಕೋಲಿನಿಂದ ತೂತು ಮಾಡಿ, ಮುಚ್ಚಿ ಸಣ್ಣ ಉರಿಯಲ್ಲಿ ಬೇಯಲು ಬಿಡುತ್ತಾರೆ. ಅವಸರದವರು ಎಡವುವುದು ಇಲ್ಲಿಯೇ: ಬೇಯುವ ಮೊದಲೇ ತಿರುವಿದರೆ ಒಳಗೆ ಒಣಗಂಟು, ಬಾಯಲ್ಲಿ ಹಸಿ ವಾಸನೆ. ಹದವಾಗಿ ಬೆಂದ ಮೇಲೆ ಪಾತ್ರೆಯನ್ನು ಅಲುಗದಂತೆ ಹಿಡಿದು ಗಂಟೊಡೆಯುವವರೆಗೆ ತೊಳಸಿ, ಒದ್ದೆಗೈಯಲ್ಲಿ ಉಂಡೆ ಕಟ್ಟಬೇಕು. ರಾಗಿಯಲ್ಲಿ ಗೋಧಿಯ ಗ್ಲುಟೆನ್ ಇಲ್ಲ. ಉಂಡೆಯನ್ನು ಹಿಡಿದಿಡುವುದು ಬೆಂದ ಪಿಷ್ಟ. ಪಾಸ್ತಾದಂತೆ ಲಟ್ಟಿಸಿ ಕುದಿನೀರಿಗೆ ಬಿಡುವುದು ಇದರಿಂದಾಗದು. ಇದನ್ನು ಅಗಿಯುವುದೂ ಇಲ್ಲ, ಸಾರಿನಲ್ಲಿ ಅದ್ದಿ ನುಂಗುವುದು.

ಆದರೂ ದಕ್ಷಿಣ ಇಟಲಿಯ ಪುಲಿಯಾ ಪ್ರಾಂತದವರು ಈ ಅಡುಗೆಯ ನೆರೆಯವರೇ. ಕಿವಿಯಾಕಾರದ ಒರೆಕ್ಕಿಯೆತ್ತೆ ಪಾಸ್ತಾವನ್ನು ಅವರು ಚೀಮೆ ದಿ ರಾಪಾ ಎಂಬ ಕಹಿಸೊಪ್ಪಿನ ಜೊತೆ ಒಂದೇ ನೀರಿನಲ್ಲಿ ಬೇಯಿಸುತ್ತಾರೆ; ಬೆಳ್ಳುಳ್ಳಿ, ಮೆಣಸಿನಕಾಯಿ ಅಲ್ಲಿಯೂ ಉಂಟು. ಇದೇ ಪಾಸ್ತಾಕ್ಕೆ ಸಾಸೇಜ್ ಬೆರೆಸುವುದು ವಿದೇಶದ ಅಡುಗೆಮನೆಗಳಲ್ಲಿ ಈಗ ಸಾಮಾನ್ಯ. ತಾಳವಾಡಿಯಲ್ಲಿ ಆ ಜಾಗ ಕಾಳಿನದು. ಲಿಂಗಾಯತರ ಮನೆಗಳಲ್ಲಿ ಮಾಂಸವೇ ಇಲ್ಲ, ಉಣ್ಣುವವರಲ್ಲೂ ಬಾಡೆಂದರೆ ಹಬ್ಬ, ನೆಂಟರು.

ಹೊರದೇಶದಲ್ಲಿ ದಂಟು, ಅಣ್ಣೆ ಸಿಗದಿದ್ದರೆ ಪಾಲಕ್, ಕೇಲ್, ಸಾಸಿವೆ ಸೊಪ್ಪುಗಳನ್ನು ಬೆರೆಸಬಹುದು. ಕೇಲ್ ಬಿರುಸು, ಅದನ್ನು ಮೊದಲು ಹಾಕಬೇಕು. ಡಬ್ಬಿಯ ಅಲಸಂದೆಯೂ ನಡೆಯುತ್ತದೆ, ಆದರೆ ಅದರ ಉಪ್ಪುನೀರನ್ನು ಚೆಲ್ಲಿ ಕಾಳು ತೊಳೆಯುವುದು ಒಳ್ಳೆಯದು. ಸಾಸೇಜ್ ಬೇಕೇ ಬೇಕೆಂದರೆ ಹೆಚ್ಚಿ, ಹುರಿದು ಪಲ್ಯಕ್ಕೆ ಸೇರಿಸಬಹುದು. ಸಾರಿಗೆ ಬಿದ್ದರೆ ಅದರ ಸೋಂಪು ಮತ್ತು ಉಪ್ಪು ಕಟ್ಟಿನ ರುಚಿಯನ್ನು ಕೆಡಿಸುತ್ತವೆ. ಮಿಕ್ಕ ಸಾರು ಮರುದಿನಕ್ಕೆ ಇನ್ನೂ ರುಚಿ. ಮಿಕ್ಕ ಹಿಟ್ಟನ್ನು ಬೆಳಿಗ್ಗೆ ಮಜ್ಜಿಗೆಯಲ್ಲಿ ಕಿವುಚಿ, ಉಪ್ಪು, ಹಸಿ ಈರುಳ್ಳಿ ಹಾಕಿ ಕುಡಿಯುತ್ತಾರೆ.