ನೆಲನೆಲ್ಲಿಯನ್ನು ಪರೀಕ್ಷಿಸಬಹುದೇ?

ಕಾಮಾಲೆ ಎಂದೊಡನೆ ನಮ್ಮ ಹಳ್ಳಿಗಳಲ್ಲಿ ನೆನಪಾಗುವುದು ನೆಲನೆಲ್ಲಿ. ಬದುವಿನಲ್ಲಿ, ಅಂಗಳದ ಅಂಚಿನಲ್ಲಿ ತಾನಾಗಿ ಹುಟ್ಟುವ, ಎಲೆಗಳಡಿ ಸಾಲಾಗಿ ಪುಟ್ಟ ಕಾಯಿ ಹೊತ್ತ ಗಿಡ. ಅರೆದು ಮಜ್ಜಿಗೆಯಲ್ಲಿ ಕದಡಿ ಕೊಡುವ ಹಲವರು ದುಡ್ಡು ಮುಟ್ಟುವುದಿಲ್ಲ. ಅಷ್ಟು ಪ್ರೀತಿಯಿಂದ ಕೊಟ್ಟದ್ದನ್ನು ಪರೀಕ್ಷೆಗೆ ಒಡ್ಡುವುದು ಕೃತಘ್ನತೆಯೇ? ಈ ಪ್ರಶ್ನೆ ನನ್ನನ್ನು ಕಾಡುತ್ತದೆ.

ಕಾಮಾಲೆ ರೋಗವಲ್ಲ, ರೋಗದ ಲಕ್ಷಣ. ಕೊಳಕು ನೀರಿನಿಂದ ಬರುವ ಹೆಪಟೈಟಿಸ್ ಎ ಆಗಿದ್ದರೆ ಬಹುತೇಕರಲ್ಲಿ ಕೆಲವು ವಾರಗಳಲ್ಲಿ ತಾನಾಗಿಯೇ ಇಳಿಯುತ್ತದೆ. ಆಗ ಏನು ಕೊಟ್ಟಿದ್ದರೂ ಹೆಸರು ಅದಕ್ಕೇ. ಪಿತ್ತನಾಳಕ್ಕೆ ಕಲ್ಲೋ ಗಡ್ಡೆಯೋ ಅಡ್ಡವಾಗಿದ್ದರೂ ಕಣ್ಣು ಹಳದಿಯೇ. ಅಲ್ಲಿ ಪಥ್ಯದಲ್ಲಿ ಕಳೆದ ವಾರಗಳು ಜೀವಕ್ಕೇ ಎರವಾಗಬಹುದು. ಗುಣವಾದವರು ಬಂದು ಕೈಮುಗಿಯುತ್ತಾರೆ. ಸತ್ತವರು ದೂರು ಹೇಳಲು ಬರುವುದಿಲ್ಲ. ಹೀಗಾಗಿ ಔಷಧಿ ಕೊಡುವವರ ಅನುಭವ ಎಷ್ಟೇ ಪ್ರಾಮಾಣಿಕವಾಗಿದ್ದರೂ ಅದು ಒಂದೇ ಕಡೆಯ ಸಾಕ್ಷ್ಯ.

1988ರಲ್ಲಿ ಮದರಾಸಿನ ಸಂಶೋಧಕರು, ಹೆಪಟೈಟಿಸ್ ಬಿ ಸಂಶೋಧನೆಗೆ ನೊಬೆಲ್ ಪಡೆದಿದ್ದ ಬರೂಕ್ ಬ್ಲಂಬರ್ಗ್ ಜೊತೆಗೂಡಿ ನಡೆಸಿದ ಪರೀಕ್ಷೆಯೊಂದು ‘ಲ್ಯಾನ್ಸೆಟ್’ನಲ್ಲಿ ಪ್ರಕಟವಾಯಿತು. ಆ ವೈರಸ್ ಮೈಯಲ್ಲಿ ಉಳಿದುಬಿಟ್ಟಿದ್ದವರಿಗೆ 30 ದಿನ ನೆಲನೆಲ್ಲಿಯ ಪುಡಿ ಕೊಟ್ಟಾಗ 37 ಜನರಲ್ಲಿ 22 ಮಂದಿಯ ರಕ್ತದಲ್ಲಿ ವೈರಸ್‌ನ ಗುರುತು ಕಾಣಲಿಲ್ಲ. ಹುಸಿಮದ್ದು ಪಡೆದ 23 ಜನರಲ್ಲಿ ಹಾಗಾದದ್ದು ಒಬ್ಬರಿಗೆ ಮಾತ್ರ. ಆದರೆ ಥಾಯ್ಲೆಂಡಿನಲ್ಲಿ ಮತ್ತೆ ಪರೀಕ್ಷಿಸಿದಾಗ ಆ ಫಲ ಸಿಗಲಿಲ್ಲ. 2011ರ ಕಾಕ್ರೇನ್ ವಿಮರ್ಶೆ, ಹುಸಿಮದ್ದಿಗಿಂತ ಇದು ಮೇಲೆಂದು ನಂಬಲು ತಕ್ಕ ಪುರಾವೆ ಇಲ್ಲವೆಂದಿತು.

ಕಾಯಿಲೆಯವರಿಗೆ ಹುಸಿಮದ್ದು ಕೊಡುವುದು ಮೋಸವಲ್ಲವೇ ಎಂದು ಕೇಳುವವರಿದ್ದಾರೆ. ಒಪ್ಪಿಗೆ ಪಡೆದು, ಯಾವುದು ಮೇಲೆಂದು ನಿಜಕ್ಕೂ ತಿಳಿಯದಿರುವಾಗ, ಗುಣಪಡಿಸಬಲ್ಲ ಚಿಕಿತ್ಸೆಯನ್ನು ತಪ್ಪಿಸದೆ ಕೊಟ್ಟರೆ ಮೋಸವಲ್ಲ ಎಂಬುದು ನನ್ನ ಉತ್ತರ. ತಿಳಿಯದಿದ್ದರೂ ತಿಳಿದವರಂತೆ ಕೊಡುತ್ತ ಹೋಗುವುದೇ ನನಗೆ ಹೆಚ್ಚು ಅಳುಕು ತರುತ್ತದೆ.

ಹಾಗೆಂದು ನೆಲನೆಲ್ಲಿಯನ್ನು ಕಳೆಯೆಂದು ಕಿತ್ತೆಸೆಯಬೇಕಿಲ್ಲ. ಪುರಾವೆ ಸಿಗದಿರುವುದೂ ನಿಷ್ಪ್ರಯೋಜಕವೆಂದು ಸಾಬೀತಾಗುವುದೂ ಬೇರೆ ಬೇರೆ. ಕೊಟ್ಟವರ ಔದಾರ್ಯಕ್ಕೆ ನಾನು ಋಣಿ. ಆ ಋಣ ಗಿಡದ ಗುಣಕ್ಕೆ ಸಾಕ್ಷಿಯಾಗಲಾರದು. ಕಣ್ಣು ಹಳದಿಯಾದವರಿಗೆ ಮೊದಲು ರಕ್ತಪರೀಕ್ಷೆ ಮಾಡಿಸಿಕೊಳ್ಳಿ ಎಂದು ಹೇಳುವುದರಿಂದ ಆ ಔದಾರ್ಯಕ್ಕೆ ಯಾವ ಕುಂದೂ ಬರದು.