ವೈಭವದ ಕೋಣೆಯೂ ದೀರ್ಘಬಂಧನವೂ

ಮನುಷ್ಯನು ಬಹುಕಾಲ ಒಂದೇ ಕೋಣೆಯಲ್ಲಿ ಇರಲೇಬೇಕಾದ ಪ್ರಸಂಗ ಒದಗಿ, ಆ ಕೋಣೆ ಯಾವುದೆಂದು ಆರಿಸಿಕೊಳ್ಳುವ ಸ್ವಾತಂತ್ರ್ಯವೊಂದೇ ಅವನಿಗೆ ಉಳಿದರೆ, ಅವನು ಎಂಥ ಕೋಣೆಯನ್ನು ಆರಿಸಬೇಕು? ಸಕಲ ಸುಖಸಾಧನಗಳೂ ತುಂಬಿದ ದೊಡ್ಡ ಹೋಟೆಲಿನ ಕೋಣೆ ದೊರೆಯುವಂತಿದ್ದರೆ ಅದಕ್ಕಿಂತ ಮಿಗಿಲಾದುದು ಇನ್ನೇನು ಎಂದು ಯಾರಿಗಾದರೂ ತೋರುವುದು ಸಹಜವೇ. ಪ್ರಶ್ನೆಯು ಮೇಲುನೋಟಕ್ಕೆ ಧನಿಕರ ವಿನೋದದಂತೆ ಕಾಣುವುದು. ಆದರೆ ಅದು ನಮ್ಮ ನಾಡಿನ ಸಾಮಾನ್ಯ ಗೃಹಸ್ಥರ ಮುಂದೆಯೂ ಒಮ್ಮೆ ಬಂದು ನಿಂತಿತ್ತು. 2020ರ ಮೇ ತಿಂಗಳಿನಲ್ಲಿ, ಕೊರೋನಾ ವ್ಯಾಧಿಯು ಲೋಕವನ್ನು ಆವರಿಸಿದ್ದಾಗ, ‘ವಂದೇ ಭಾರತ್’ ವಿಮಾನಗಳಲ್ಲಿ ಬೆಂಗಳೂರಿಗೆ ಮರಳಿದ ಕನ್ನಡಿಗರು ನೇರವಾಗಿ ಮನೆಗೆ ಹೋಗುವಂತಿರಲಿಲ್ಲ. ಐದು ನಕ್ಷತ್ರದ್ದೋ, ಮೂರು ನಕ್ಷತ್ರದ್ದೋ, ಸಾಧಾರಣ ದರದ್ದೋ ಒಂದು ಹೋಟೆಲನ್ನು ಆರಿಸಿಕೊಂಡು, ತಮ್ಮದೇ ಹಣ ತೆತ್ತು, 14 ದಿನ ಅಲ್ಲಿ ಪ್ರತ್ಯೇಕವಾಗಿ ಇರಬೇಕಾಗಿತ್ತು. ಮರುವರ್ಷ, 2021ರ ಏಪ್ರಿಲ್ 23ರಿಂದ, ಭಾರತದಿಂದ ಇಂಗ್ಲೆಂಡಿಗೆ ಹಿಂದಿರುಗಿದವರಿಗೂ ಇದೇ ಗತಿಯಾಯಿತು. ಅಲ್ಲಿ ಒಬ್ಬ ವಯಸ್ಕನಿಗೆ 10 ದಿನಗಳ ಕೋಣೆವಾಸದ ಶುಲ್ಕ ಆಗ 1,750 ಪೌಂಡು.

ಕೋಣೆಯನ್ನು ಆರಿಸುವಾಗ ನಾವು ಸಾಮಾನ್ಯವಾಗಿ ಏನನ್ನು ನೋಡುತ್ತೇವೆ? ಮಂಚದ ಅಗಲ, ಹಾಸಿಗೆಯ ಮೃದುತ್ವ, ಸ್ನಾನಗೃಹದ ಅಮೃತಶಿಲೆ, ಊಟದ ಪಟ್ಟಿ. ಇವೆಲ್ಲವೂ ಆ ಕೋಣೆ ನಮಗೆ ಏನೇನು ಕೊಡುತ್ತದೆ ಎಂಬ ಲೆಕ್ಕ. ಆ ಕೋಣೆಯಲ್ಲಿ ನಾವು ಏನನ್ನು ಮಾಡಬಲ್ಲೆವು, ಯಾರಿಗೆ ಏನನ್ನು ಕೊಡಬಲ್ಲೆವು ಎಂಬ ಲೆಕ್ಕವನ್ನು ಯಾರೂ ಕೇಳುವುದಿಲ್ಲ. ದೀರ್ಘಬಂಧನದ ವಿಷಯದಲ್ಲಿ ಕೇಳಬೇಕಾದುದು ಈ ಎರಡನೆಯ ಲೆಕ್ಕವೇ ಎಂದು ನನ್ನ ಅಭಿಪ್ರಾಯ.

ಹೋಟೆಲಿನ ಕೋಣೆಯನ್ನು ಕಟ್ಟುವವನು ಒಂದು ಭಾವನೆಯನ್ನು ಮುಂದಿಟ್ಟುಕೊಂಡು ಕಟ್ಟುತ್ತಾನೆ: ಇಲ್ಲಿ ಇಳಿದುಕೊಳ್ಳುವವನು ಹಗಲೆಲ್ಲ ಹೊರಗೆ ಹೋಗಿ, ದಣಿದು, ರಾತ್ರಿ ಮಲಗಲು ಬರುವನು. ಆದಕಾರಣವೇ ಕೋಣೆಯ ಬಹುಭಾಗವನ್ನು ಮಂಚವು ಆಕ್ರಮಿಸಿರುತ್ತದೆ. ಒಲೆ ಇಲ್ಲ, ಪೊರಕೆ ಇಲ್ಲ. ಹಾಸಿಗೆಯನ್ನು ಬೇರೊಬ್ಬರು ಮಡಿಚುವರು, ನೆಲವನ್ನು ಬೇರೊಬ್ಬರು ಒರೆಸುವರು, ತಟ್ಟೆಯನ್ನು ಬೇರೊಬ್ಬರು ತೊಳೆಯುವರು. ಎತ್ತರದ ಕಟ್ಟಡಗಳಲ್ಲಿ ಎಷ್ಟೋ ಕಡೆ ಕಿಟಕಿ ತೆರೆಯುವುದೇ ಇಲ್ಲ. ಗಾಳಿಯೂ ಯಂತ್ರದಿಂದಲೇ ಬರಬೇಕು. ಮೂರು ದಿನದ ಮಟ್ಟಿಗೆ ಇದು ವಿಶ್ರಾಂತಿ. ಮೂರು ತಿಂಗಳಾದರೆ, ಕೈಕಾಲುಗಳಿದ್ದೂ ಅವುಗಳಿಗೆ ಕೆಲಸವಿಲ್ಲದಂತೆ ಮಾಡುವ ವ್ಯವಸ್ಥೆ. ಸೇವೆ ಹೆಚ್ಚಿದಷ್ಟೂ ಒಳಗಿರುವವನ ಪಾಲಿಗೆ ಉಳಿಯುವ ಕೆಲಸ ಕಡಮೆಯಾಗುವುದು. ಹೊರಗೆ ಹೋಗುವವನಿಗೆ ಯಾವುದು ಸುಖವೋ ಅದೇ ಹೋಗಲಾರದವನಿಗೆ ಹೊರೆಯಾಗುವ ವಿಪರೀತ ಇದು.

ಇದಕ್ಕೆ ಈಚಿನ ಕಾಲದಲ್ಲಿ ನಡೆದ ಒಂದು ನಿದರ್ಶನವನ್ನು ನೋಡೋಣ. 2017ರ ನವೆಂಬರ್ 4ರಂದು ಸೌದಿ ಅರೇಬಿಯಾದ ಸರಕಾರವು ಭ್ರಷ್ಟಾಚಾರದ ಆರೋಪದ ಮೇಲೆ ರಾಜಕುಮಾರರನ್ನೂ ಮಂತ್ರಿಗಳನ್ನೂ ಕೋಟ್ಯಧೀಶ ವರ್ತಕರನ್ನೂ ಹಿಡಿಸತೊಡಗಿತು. ಅವರನ್ನು ಕೂಡಿಹಾಕಿದ್ದು ಸೆರೆಮನೆಯಲ್ಲಲ್ಲ. ರಾಜಧಾನಿ ರಿಯಾದಿನ ರಿಟ್ಜ್ ಕಾರ್ಲ್‌ಟನ್ ಎಂಬ ಅರಮನೆಯಂಥ ಹೋಟೆಲಿನಲ್ಲಿ. ಒಳಗೆ ಬಲಾತ್ಕಾರ ನಡೆಯಿತೆಂದು ಪತ್ರಿಕೆಗಳು ಬರೆದವು. ಸರಕಾರ ಅದನ್ನು ನಿರಾಕರಿಸಿತು. ಅಲ್ಲಿ ಬಂಧಿತರಾದವರಲ್ಲಿ ಅಲ್‌ವಲೀದ್ ಬಿನ್ ತಲಾಲ್ ಎಂಬ ರಾಜಕುಮಾರನೂ ಒಬ್ಬ. ವಿನೋದವೆಂದರೆ ಈತನು ಸ್ವತಃ ಹೋಟೆಲುಗಳ ಒಡೆಯ. ಪ್ಯಾರಿಸಿನ ಪ್ರಸಿದ್ಧ ಜಾರ್ಜ್ ಐದನೆಯವನ ಹೆಸರಿನ ಹೋಟೆಲು ಈತನ ಒಡೆತನದ್ದು. ಲೋಕದ ಧನಿಕರಿಗೆಲ್ಲ ಕೋಣೆಗಳನ್ನು ಸಿದ್ಧಪಡಿಸಿಟ್ಟವನು ಎಂಬತ್ತಕ್ಕೂ ಹೆಚ್ಚು ದಿನ ಪರರ ಕೋಣೆಯಲ್ಲಿ ಕುಳಿತನು. 2018ರ ಜನವರಿ 27ರಂದು, ಬಿಡುಗಡೆಗೆ ಕೆಲವೇ ಗಂಟೆಗಳ ಮೊದಲು, ರಾಯ್ಟರ್ಸ್ ಸುದ್ದಿಸಂಸ್ಥೆಯವರು ಅಲ್ಲಿಗೆ ಹೋದರು. ಆಗ ಅವನು ಅವರಿಗೆ ತನ್ನ ಕಚೇರಿಯ ಕೋಣೆಯನ್ನೂ, ಊಟದ ಮನೆಯನ್ನೂ, ತನಗೆ ಪ್ರಿಯವಾದ ಶಾಕಾಹಾರವನ್ನು ತುಂಬಿಟ್ಟ ಅಡಿಗೆಮನೆಯನ್ನೂ ತೋರಿಸಿದನಂತೆ. ತನಗೆ ಏನೂ ಕೊರತೆಯಾಗಿಲ್ಲವೆಂದು ಜಗತ್ತಿಗೆ ತೋರಿಸುವ ರಾಜಕಾರಣವೂ ಇದರಲ್ಲಿ ಇದ್ದಿರಬೇಕು. ಆದರೂ ನನ್ನ ಮನಸ್ಸನ್ನು ಸೆಳೆದದ್ದು ಬೇರೊಂದು ಅಂಶ. ಬಾಗಿಲಿಗೆ ಯಾರಾದರೂ ಬಂದ ಕೂಡಲೆ ಬಂದಿಯೂ ಮನೆಯೊಡೆಯನಂತೆ ನಡೆದುಕೊಳ್ಳಲು ಹವಣಿಸುತ್ತಾನೆ. ‘ಇದು ನನ್ನ ಅಡಿಗೆಮನೆ’ ಎಂದು ತೋರಿಸುತ್ತಾನೆ. ಹೋಟೆಲಿನಲ್ಲಿ ಇರುವವರೆಲ್ಲರೂ ಅತಿಥಿಗಳೇ. ಅಲ್ಲಿ ಯಾರಿಗೂ ಯಾರನ್ನೂ ‘ಬನ್ನಿ, ಕೂಡಿರಿ’ ಎಂದು ಸತ್ಕರಿಸುವ ಅಧಿಕಾರವಿಲ್ಲ. ಈ ಕೊರತೆಯನ್ನು ಯಾವ ಅಮೃತಶಿಲೆಯೂ ತುಂಬಲಾರದು.

ಬೀಗವೇ ಇಲ್ಲದ ಬಂಧನದ ಕಥೆ ಇನ್ನೂ ವಿಚಿತ್ರವಾದುದು. ಅಮೆರಿಕದ ಹೋವರ್ಡ್ ಹ್ಯೂಸ್ ಎಂಬ ಕೋಟ್ಯಧೀಶನು 1938ರಲ್ಲಿ ಸ್ವತಃ ವಿಮಾನ ನಡೆಸಿ 91 ಗಂಟೆಗಳಲ್ಲಿ ಭೂಮಂಡಲವನ್ನು ಸುತ್ತಿಬಂದವನು. ಅದೇ ಮನುಷ್ಯನು 1966ರ ನವೆಂಬರಿನಲ್ಲಿ ಲಾಸ್ ವೇಗಾಸ್ ನಗರದ ಡೆಸರ್ಟ್ ಇನ್ ಎಂಬ ಹೋಟೆಲಿನ ಮೇಲಿನ ಅಂತಸ್ತುಗಳಲ್ಲಿ ಇಳಿದನು. ಹೊಸವರುಷಕ್ಕೆ ಬರುವ ಜೂಜುಗಾರರಿಗೆ ಆ ಕೋಣೆಗಳು ಬೇಕಾಗಿದ್ದವು. ತೆರವು ಮಾಡಿರಿ ಎಂದು ಹೋಟೆಲಿನವರು ಕೇಳಿದರು. ಅವನು ಎದ್ದು ಹೋಗುವುದಕ್ಕೆ ಬದಲಾಗಿ 1967ರಲ್ಲಿ ಆ ಹೋಟೆಲನ್ನೇ ಕೊಂಡುಕೊಂಡನು! ರಾತ್ರಿಯಿಡೀ ಚಲನಚಿತ್ರ ನೋಡಬೇಕೆಂದು ಊರಿನ ದೂರದರ್ಶನ ಕೇಂದ್ರವೊಂದನ್ನೂ ಕೊಂಡನು. ಕಿಟಕಿಗಳಿಗೆ ಬೆಳಕು ನುಸುಳದಂತೆ ಪರದೆ ಬಿಗಿಸಿದನು. 1970ರ ನವೆಂಬರಿನಲ್ಲಿ ಅಲ್ಲಿಂದ ಹೊರಡುವವರೆಗೆ, ಸುಮಾರು ನಾಲ್ಕು ವರ್ಷ, ಅವನು ಹೊರಗೆ ಕಾಣಿಸಲಿಲ್ಲ. ಆಮೇಲೆಯೂ ದೇಶದೇಶಗಳ ಹೋಟೆಲುಗಳಲ್ಲಿ ಅದೇ ಕತ್ತಲೆಯ ವಾಸ. 1976ರಲ್ಲಿ ಅವನು ತೀರಿಕೊಂಡಾಗ ದೇಹವು ಎಲುಬಿನ ಗೂಡಾಗಿತ್ತು. ಅವನು ಮನೋವ್ಯಾಧಿಯಿಂದ ಪೀಡಿತನಾಗಿದ್ದನು. ಆದುದರಿಂದ ಅವನನ್ನು ಹಂಗಿಸುವುದು ಸಲ್ಲದು. ಇಲ್ಲಿ ಗಮನಿಸಬೇಕಾದುದು ಆ ಕೋಣೆಯ ಗುಣವನ್ನು. ಕೇಳಿದ್ದನ್ನೆಲ್ಲ ತಂದುಕೊಡುವ, ‘ಬೇಡ’ ಎಂಬ ಮಾತನ್ನೇ ಅರಿಯದ ಕೋಣೆಯು ವ್ಯಾಧಿಗೂ ಅಷ್ಟೇ ವಿಧೇಯವಾಗಿ ಸೇವೆ ಮಾಡಿತು. ಬಡವನಾಗಿದ್ದರೆ ನೆರೆಯವರಾದರೂ ಬಾಗಿಲು ಬಡಿಯುತ್ತಿದ್ದರು.

ಹ್ಯೂಸನು ತಾನಾಗಿಯೇ ಮುಚ್ಚಿಕೊಂಡ ಕಿಟಕಿಯ ಮಾತು ಬಂದುದರಿಂದ, ಬೇರೆಯವರು ಮುಚ್ಚಿದ ಕಿಟಕಿಯ ಮಾತನ್ನೂ ಹೇಳಬೇಕು. ಸ್ವದೇಶಗಳಿಂದ ಓಡಿಬಂದು ಆಶ್ರಯ ಬೇಡಿದ ಜನರನ್ನು ಆಸ್ಟ್ರೇಲಿಯಾ ಸರಕಾರವು ದೂರದ ದ್ವೀಪಗಳಲ್ಲಿ ವರ್ಷಗಟ್ಟಲೆ ಇರಿಸಿ, 2019ರಲ್ಲಿ ಕೆಲವರನ್ನು ಚಿಕಿತ್ಸೆಗೆಂದು ಮೆಲ್ಬರ್ನ್ ಮೊದಲಾದ ನಗರಗಳಿಗೆ ಕರೆತಂದು ಹೋಟೆಲುಗಳಲ್ಲಿ ಇಟ್ಟಿತು. 2022ರ ಜನವರಿಯಲ್ಲಿ ಟೆನಿಸ್ ಆಟದ ಜಗಜ್ಜೇತನಾದ ನೊವಾಕ್ ಜೊಕೊವಿಚ್‌ನ ಪ್ರವೇಶಪತ್ರ ರದ್ದಾಗಿ, ಅವನನ್ನೂ ಅಂಥದೇ ಒಂದು ಹೋಟೆಲಿನಲ್ಲಿ ಇರಿಸಿದರು. ಆಗ ಲೋಕದ ಪತ್ರಿಕಾಕರ್ತರೆಲ್ಲ ಆ ಕಟ್ಟಡದ ಮುಂದೆ ನೆರೆದರು. ಮೇಲಿನ ಕಿಟಕಿಗಳಲ್ಲಿ ಬೇರೆ ಮುಖಗಳೂ ಇವೆಯೆಂಬುದು ಅನೇಕರಿಗೆ ಆಗ ತಿಳಿಯಿತು. ಆಟಗಾರನು ಕೆಲವು ರಾತ್ರಿ ಇದ್ದು ಹೋದನು. ಆ ಮುಖಗಳು ಅಲ್ಲಿಯೇ ಉಳಿದವು.

ಅಂಥ ಹೋಟೆಲುಗಳಲ್ಲಿ 14 ತಿಂಗಳು ಕಳೆದ ಕುರ್ದಿ ನಿರಾಶ್ರಿತನೊಬ್ಬನು ನ್ಯಾಯಾಲಯದ ಮೊರೆಹೊಕ್ಕನು. 2023ರ ಜುಲೈಯಲ್ಲಿ ತೀರ್ಪು ಅವನಿಗೆ ಪ್ರತಿಕೂಲವಾಯಿತು. ಹೋಟೆಲಿನಲ್ಲಿ ಇರಿಸಿದ್ದು ಕಾನೂನಿಗೆ ವಿರುದ್ಧವಲ್ಲವೆಂದು ನ್ಯಾಯಾಧೀಶರು ನಿರ್ಣಯಿಸಿದರು. ಆದರೆ ಕಾನೂನನ್ನು ಹೇಳಿದ ಅದೇ ಲೇಖನಿಯಿಂದ, ಮನೋರೋಗಪೀಡಿತನೊಬ್ಬನನ್ನು ಹೀಗೆ ಇರಿಸಿದ್ದು ವಿಚಾರಶೂನ್ಯವೂ ನಿಷ್ಕರುಣವೂ ಆದ ವರ್ತನೆ ಎಂಬ ಭಾವವನ್ನೂ ಅವರು ದಾಖಲಿಸಿದರು. ಅವರ ಮನಸ್ಸನ್ನು ಕಲಕಿದ ಸಂಗತಿ ಯಾವುದು? ಹಾಸಿಗೆಯಲ್ಲ, ಊಟವಲ್ಲ. ಆ ಕೋಣೆಯ ಕಿಟಕಿ ಹತ್ತು ಸೆಂಟಿಮೀಟರ್ ಮಾತ್ರ ತೆರೆಯುತ್ತಿತ್ತು. ಮುಖದ ಮೇಲೆ ಬಿಸಿಲು ಬೀಳುವಂಥ ಬಯಲು ಬಹುಕಾಲ ಅವನಿಗೆ ದೊರೆಯಲಿಲ್ಲ. ಒಂದು ಗೇಣಿಗೂ ಕಡಮೆ! ಆ ಕೋಣೆಯಲ್ಲಿ ಮಂಚವಿತ್ತು, ಸ್ನಾನಗೃಹವಿತ್ತು, ಪ್ರವಾಸಿಗೆ ತೋರಿಸಿದ್ದರೆ ‘ಚೆನ್ನಾಗಿದೆ’ ಎಂದು ಹಣ ಕೊಟ್ಟು ಇಳಿದುಕೊಳ್ಳುತ್ತಿದ್ದನು. ಈ ಮನುಷ್ಯನೇ ಹಿಂದೆ ದ್ವೀಪದ ಶಿಬಿರದಲ್ಲಿದ್ದಾಗ, ಬಣ್ಣ ಕುಂಚ ದೊರೆಯದೆ, ಹಲ್ಲುಜ್ಜುವ ಬ್ರಷ್ಷನ್ನು ಕಾಫಿಯಲ್ಲಿ ಅದ್ದಿ ಚಿತ್ರ ಬರೆಯಲು ಕಲಿತವನು. ಬಿಡುಗಡೆಯಾದ ಮೇಲೆ, 2022ರಲ್ಲಿ, ಹಾಗೆಯೇ ಕಾಫಿಯಿಂದ ಬರೆದ ಅವನ ಸ್ವಂತ ಮುಖಚಿತ್ರವು ಆಸ್ಟ್ರೇಲಿಯಾದ ಆರ್ಚಿಬಾಲ್ಡ್ ಎಂಬ ಮುಖ್ಯ ಚಿತ್ರಪುರಸ್ಕಾರದ ಅಂತಿಮ ಪಂಕ್ತಿಗೆ ಏರಿತು.

ಕೈಗೆ ಕೆಲಸ ಬೇಕೆಂಬ ಹಸಿವು ಅನ್ನದ ಹಸಿವಿನಷ್ಟೇ ನಿಜವಾದುದೆಂಬುದಕ್ಕೆ ಆ ಬ್ರಷ್ಷೇ ಸಾಕ್ಷಿ. ಕಾಯಕವೆಂಬ ಮಾತನ್ನು ನಾವು ಹೊಟ್ಟೆಯ ಪಾಡಿಗೆ ಮಾಡುವ ದುಡಿಮೆ ಎಂಬಷ್ಟಕ್ಕೆ ಇಳಿಸಿಬಿಟ್ಟಿದ್ದೇವೆ. ಹೊಟ್ಟೆ ತುಂಬಿದವನಿಗೆ ಕಾಯಕವೇಕೆ ಎಂಬ ಪ್ರಶ್ನೆಗೆ ಈ ಕೋಣೆಗಳೇ ಉತ್ತರ ಹೇಳುತ್ತಿವೆ. ಇನ್ನು ದಾಸೋಹ. ಅದೆಂದರೆ ಉಳ್ಳವನು ಇಲ್ಲದವನಿಗೆ ಮಾಡುವ ಉಪಕಾರವೆಂದೇ ಹಲವರ ಎಣಿಕೆ. ಹಾಗಾದರೆ ಪಡೆಯುವವನಿಗೆ ಮಾತ್ರ ಅದರಿಂದ ಲಾಭ ಇರಬೇಕಿತ್ತು. ಏನನ್ನೂ ಕೊಡಲು ಅವಕಾಶವಿಲ್ಲದ ಸ್ಥಳದಲ್ಲಿ ಹದಿನಾಲ್ಕು ದಿನ ಪಡೆಯುತ್ತಲೇ ಕುಳಿತು ನೋಡಿದರೆ ತಿಳಿಯುವುದು, ಕೊಡುವ ಅಗತ್ಯ ಕೊಡುವವನದೇ ಎಂದು. ಆಯ್ದಕ್ಕಿ ಲಕ್ಕಮ್ಮನು ಗಂಡ ತಂದ ಹೆಚ್ಚಿನ ಅಕ್ಕಿಯನ್ನು ಹಿಂದಕ್ಕೆ ಸುರಿದುಬರಲು ಕಳಿಸಿದಳೆಂಬ ಪರಂಪರೆಯ ಕಥೆ ವಾಚಕರಿಗೆಲ್ಲ ತಿಳಿದದ್ದು. ಆಕೆಯನ್ನು ಅಂಥ ಹೋಟೆಲಿನಲ್ಲಿ ಇರಿಸಿದ್ದರೆ, ಮೊದಲ ದಿನವೇ ಪೊರಕೆ ಎಲ್ಲಿದೆಯೆಂದು ಕೇಳುತ್ತಿದ್ದಳೇನೋ!

ಇಷ್ಟು ಹೇಳಿದೆನೆಂದು, ಸುಖಸಾಧನಗಳೆಲ್ಲ ತುಚ್ಛ, ಹರಕು ಚಾಪೆಯೇ ಶ್ರೇಷ್ಠ ಎಂಬ ಸುಲಭದ ವೈರಾಗ್ಯಕ್ಕೆ ನಾನು ಒಪ್ಪುವವನಲ್ಲ. ನಿಜವಾದ ಸೆರೆಮನೆಯಲ್ಲಿ, ಕಾಲು ಚಾಚಲು ಜಾಗವಿಲ್ಲದೆ ಮಲಗುವ ಕೈದಿಯ ಮುಂದೆ ಹೀಗೆ ಮಾತಾಡಿದರೆ ಅವನು ನಕ್ಕಾನು. ಶುದ್ಧವಾದ ನೀರು, ಮರೆಯಿರುವ ಶೌಚಗೃಹ, ಬೆಳಕು, ತೊಂದರೆಯಿಲ್ಲದ ನಿದ್ರೆ ಇವು ಭೋಗಗಳಲ್ಲ. ಇವಿಲ್ಲದೆ ಮನಸ್ಸಿನ ಮಾತೆಲ್ಲ ವ್ಯರ್ಥ. ಹಾಗೆಯೇ ಅವಧಿಯ ಪ್ರಶ್ನೆಯೂ ಉಂಟು. ಸೇವಿಯರ್ ದ ಮೆಸ್ತ್ರ್ ಎಂಬ ಸೈನ್ಯಾಧಿಕಾರಿಯು 1790ರಲ್ಲಿ ದ್ವಂದ್ವಯುದ್ಧ ಮಾಡಿದ ತಪ್ಪಿಗಾಗಿ ಇಟಲಿಯ ತೂರಿನ್ ನಗರದಲ್ಲಿ 42 ದಿನ ತನ್ನ ಕೋಣೆ ಬಿಟ್ಟು ಹೋಗಬಾರದೆಂಬ ಶಿಕ್ಷೆಗೆ ಒಳಗಾದನು. ಅವನು ಮಂಚದಿಂದ ಕುರ್ಚಿಗೆ, ಕುರ್ಚಿಯಿಂದ ಗೋಡೆಯ ಚಿತ್ರಗಳಿಗೆ ನಡೆದು, ಅದನ್ನೇ ಮಹಾಯಾತ್ರೆಯೆಂಬಂತೆ ವರ್ಣಿಸಿ ಒಂದು ಸೊಗಸಾದ ಪುಸ್ತಕ ಬರೆದನು. ಓದುವವರಿಗೆ ಇಂದಿಗೂ ಅದು ಪ್ರಿಯ. ಆದರೆ ಅವನಿಗೆ ಲೇಖನಿಯಿತ್ತು, ಸೇವಕನಿದ್ದನು, ನಾಯಿಯಿತ್ತು. ಎಲ್ಲಕ್ಕಿಂತ ಮಿಗಿಲಾಗಿ 42 ಎಂಬ ಅಂಕಿಯಿತ್ತು. ಮೆಲ್ಬರ್ನಿನ ಕಿಟಕಿಯ ಹಿಂದಿದ್ದವರಿಗೆ ಆ ಅಂಕಿಯನ್ನು ಯಾರೂ ಹೇಳಲಿಲ್ಲ. ಕೊನೆಯ ದಿನ ಗೊತ್ತಿರುವ ಕೋಣೆಗೂ ಗೊತ್ತಿಲ್ಲದ ಕೋಣೆಗೂ ಗೋಡೆ ಒಂದೇ ತೆರನಾಗಿದ್ದರೂ ಹೋಲಿಕೆಯೇ ಇಲ್ಲ. (ಸರಕಾರಗಳು ಅಲುಗಾಡುವಾಗ ನಮ್ಮ ಶಾಸಕರು ಸ್ವಇಚ್ಛೆಯಿಂದ ವೈಭವದ ಹೋಟೆಲುಗಳಲ್ಲಿ ಕಾವಲಿನೊಳಗೆ ಇರುವುದುಂಟು, 2019ರ ಜುಲೈಯಲ್ಲಿ ಕರ್ನಾಟಕದವರು ಮುಂಬಯಿಯಲ್ಲಿ ಹಾಗೆಯೇ ಇದ್ದರು. ಅವರನ್ನು ಈ ವಿಚಾರಕ್ಕೆ ತರುವ ಅಗತ್ಯವಿಲ್ಲ; ಅವರಿಗೆ ಲೆಕ್ಕವೂ ಗೊತ್ತು, ದಿನವೂ ಗೊತ್ತು.)

ಈಗ ನಮ್ಮ ಮನೆಗಳಿಗೆ ಬರೋಣ. ನಾವು ಹೋಟೆಲಿನಲ್ಲಿ ಬಂದಿಗಳಾಗುವ ಸಂಭವ ಕಡಮೆ. ಆದರೆ ನಮ್ಮಲ್ಲಿ ಅನೇಕರು ಬೇರೊಬ್ಬರಿಗಾಗಿ ಇಂಥ ಕೋಣೆಯನ್ನು ಆರಿಸುತ್ತಿದ್ದೇವೆ. ಮಗನು ದೂರದೇಶದಲ್ಲಿರುವನು, ಊರಿನಲ್ಲಿ ಮುಪ್ಪಾದ ತಾಯಿ, ಮೊಣಕಾಲು ಮಡಚಲಾರದ ತಂದೆ. ಮಗನಿಗೆ ಪ್ರೀತಿಯಿದೆ, ಹಣವೂ ಇದೆ. ಹೊಸ ಮನೆಯ ಮಹಡಿಯ ಮೇಲೆ, ಗದ್ದಲ ಕೇಳದ ಕಡೆಯಲ್ಲಿ, ಕೋಣೆಯೊಂದನ್ನು ಮಾಡಿಸುವನು. ತಂಪಿನ ಯಂತ್ರ, ಗುಂಡಿ ಒತ್ತಿದರೆ ಏಳುವ ಮಂಚ, ಹಗಲಿಗೊಬ್ಬಳು ರಾತ್ರಿಗೊಬ್ಬಳು ದಾದಿ. ‘ಅವ್ವಾ, ನೀನು ಇನ್ನು ಹುಲ್ಲುಕಡ್ಡಿ ಎತ್ತಬೇಡ’ ಎಂದು ಫೋನಿನಲ್ಲಿ ಹೇಳುವನು. ಊರವರೂ ಮೆಚ್ಚುವರು. ತಾಯಿಯು ದಿನದಿನಕ್ಕೆ ಮಾತು ಕಡಮೆ ಮಾಡುವಳು. ಔಷಧಿಯ ಪಟ್ಟಿಯಲ್ಲಿ ಅದಕ್ಕೆ ಕಾರಣ ಹುಡುಕುವುದಕ್ಕೆ ಮುಂಚೆ, ನಾಲ್ಕು ಕೈಗಳಿಗೆ ಆಗುವಷ್ಟು ಕೆಲಸವನ್ನು ಅರುವತ್ತು ವರ್ಷ ಮಾಡಿದವಳ ಕೈಯಿಂದ ಏನೇನನ್ನು ಕಿತ್ತುಕೊಂಡೆವೆಂದು ಒಮ್ಮೆ ಎಣಿಸಬೇಕು. ಬಂದವರಿಗೆ ತಾನೇ ಬಡಿಸುತ್ತಿದ್ದವಳು ಈಗ ತನ್ನ ಮನೆಯಲ್ಲಿಯೇ ಅತಿಥಿ. ಇದು ದ್ವೇಷದಿಂದ ಆದುದಲ್ಲ, ಪ್ರೀತಿಯಿಂದ ಆದುದು. ಆದುದರಿಂದಲೇ ಹೇಳುವವರಿಲ್ಲ, ಕೇಳುವವರಿಲ್ಲ.

ಆಕೆಯನ್ನು ಮತ್ತೆ ಒಲೆಯ ಮುಂದೆ ಕೂಡಿಸಬೇಕೆಂದು ನಾನು ಹೇಳುತ್ತಿಲ್ಲ; ಮುದುಕರಿಂದ ದುಡಿಸಿಕೊಳ್ಳುವುದಕ್ಕೆ ಶಾಸ್ತ್ರ ಹುಡುಕುವವರೂ ಉಂಟು, ಅವರಿಗೆ ಈ ಮಾತು ಆಧಾರವಾಗದಿರಲಿ. ತಂಪಿನ ಯಂತ್ರ ಇರಲಿ, ಒಳ್ಳೆಯ ಮಂಚವೂ ಇರಲಿ. ಕೋಣೆ ಮಾತ್ರ ಮಹಡಿಯ ಮೇಲಲ್ಲ, ಕೆಳಗೆ, ಅಡಿಗೆಮನೆಯ ಸದ್ದು ಕೇಳುವಷ್ಟು ಹತ್ತಿರ ಇರಲಿ. ಮೊರದಲ್ಲಿ ಅಕ್ಕಿ ಆರಿಸಲು, ಅವರೆಕಾಯಿ ಸುಲಿಯಲು, ವಿಭೂತಿಯ ಕರಡಿಗೆ ಒರೆಸಿಡಲು ಬೇಕಾದಷ್ಟು ಬೆಳಕು ಬರಲಿ. ನಿಧಾನವಾದರೂ ಅದನ್ನು ಆಕೆಯೇ ಮಾಡಲಿ, ದಾದಿಯು ಕೈಯಿಂದ ಕಸಿದುಕೊಂಡು ಮುಗಿಸಬಾರದು. ಕಿಟಕಿ ಹತ್ತು ಸೆಂಟಿಮೀಟರ್ ಅಲ್ಲ, ಪೂರ್ತಿ ತೆರೆಯುವಂತಿರಲಿ. ಅದು ತೋಟದ ಕಡೆಗೋ ಬೀದಿಯ ಕಡೆಗೋ ಎಂದು ಕೇಳಿದರೆ, ಬೀದಿಯ ಕಡೆಗೆ ಎನ್ನುತ್ತೇನೆ. ಮನೆಗೆ ಬರುವವರನ್ನು ಎಲ್ಲರಿಗಿಂತ ಮೊದಲು ಕಂಡು, ‘ಯಾರೋ ಬಂದರು ನೋಡಿರಿ, ಕಾಲಿಗೆ ನೀರು ಕೊಡಿರಿ’ ಎಂದು ಒಳಗೆ ಕೂಗಿ ಹೇಳುವವಳು ಆಕೆಯೇ ಆಗಲಿ.