ಹಣೆಬರಹ ಮತ್ತು ರಕ್ತ ತೆಳುವಾಗಿಸುವ ಗುಳಿಗೆ

ಹೃದಯದ ಮೇಲಿನ ಕೋಣೆ ಲಯ ತಪ್ಪಿ ಅದುರಿದರೆ ಅಲ್ಲಿ ರಕ್ತ ಮಡುಗಟ್ಟಿ ಹೆಪ್ಪಾಗಬಹುದು. ಆ ಹೆಪ್ಪು ಮಿದುಳಿಗೆ ಹೋದರೆ ಲಕ್ವ. ಈ ರೋಗಿಗಳಿಗೆ ಲಕ್ವದ ಅಪಾಯ ಸುಮಾರು 5 ಪಟ್ಟು. ರಕ್ತ ತೆಳುವಾಗಿಸುವ ವಾರ್ಫರಿನ್ ಗುಳಿಗೆ ಅದನ್ನು ಹೆಚ್ಚುಕಡಿಮೆ ಮೂರರಲ್ಲಿ ಎರಡು ಪಾಲು ತಗ್ಗಿಸುತ್ತದೆ, ಸಾವನ್ನು ಮಾತ್ರ ನಾಲ್ಕರಲ್ಲಿ ಒಂದು ಪಾಲು. ಗುಳಿಗೆ ನುಂಗುವವರೂ ಸಾಯುತ್ತಾರೆ, ಬಹುಪಾಲು ಲಕ್ವದಿಂದಲ್ಲ, ಬೇರೆ ಕಾರಣಗಳಿಂದ. ಹಾಗಿದ್ದರೆ ಆಯುಷ್ಯ ಹಣೆಯಲ್ಲಿ ಬರೆದಷ್ಟೇ, ಗುಳಿಗೆ ಏತಕ್ಕೆ ಎಂಬ ಪ್ರಶ್ನೆ ತುಂಗಭದ್ರೆಯ ಬಯಲಿನ ದೇಶನೂರಿನಂಥ ಊರಲ್ಲಿ ಹುಟ್ಟುವುದು ಸಹಜ. ಆದರೆ ಬೆಳೆ ದೈವದ ಕೈಯಲ್ಲಿದೆ ಎನ್ನುವ ಇಲ್ಲಿನ ರೈತ ಭತ್ತದ ಗದ್ದೆಗೆ ತುಂಗಭದ್ರೆಯ ಕಾಲುವೆ ನೀರು ಹಾಯಿಸದೆ ಕೂರುವುದಿಲ್ಲ. ಫಲ ನಮ್ಮದಲ್ಲದಿರಬಹುದು, ಪ್ರಯತ್ನ ನಮ್ಮದೇ.

ಗುಳಿಗೆಯಿಂದ ರಕ್ತಸ್ರಾವವಾಗುತ್ತದಲ್ಲ ಎಂಬ ಆಕ್ಷೇಪ ಇನ್ನೂ ಗಟ್ಟಿಯಾದದ್ದು, ನಿಜವೂ ಹೌದು. ಅದಕ್ಕೆ ಉತ್ತರ ಎಚ್ಚರ: ರಕ್ತಪರೀಕ್ಷೆಯ ಐ.ಎನ್.ಆರ್. (ರಕ್ತ ಹೆಪ್ಪುಗಟ್ಟಲು ಹಿಡಿಯುವ ಹೊತ್ತಿನ ಅಳತೆ) ಸಾಮಾನ್ಯವಾಗಿ 2ರಿಂದ 3ರ ನಡುವೆ ಇರಬೇಕು. ಕೀಲುವಾತದ ಜ್ವರದಿಂದ ಹೃದಯದ ಕವಾಟ ಕೆಟ್ಟು ಲಯವೂ ತಪ್ಪಿದವರ ಬಗ್ಗೆ 2022ರಲ್ಲಿ ಪ್ರಕಟವಾದ, ಭಾರತೀಯರೂ ಇದ್ದ ಇನ್ವಿಕ್ಟಸ್ ಅಧ್ಯಯನದಲ್ಲಿ, ಪದೇಪದೇ ಪರೀಕ್ಷೆ ಬೇಡುವ ವಾರ್ಫರಿನ್‌ನಂಥ ಹಳೆಯ ಬಗೆಯ ಗುಳಿಗೆ ತೆಗೆದುಕೊಂಡವರಲ್ಲೇ ಹೊಸ ರಿವರಾಕ್ಸಬಾನ್ ಗುಳಿಗೆಯವರಿಗಿಂತ ಸಾವು ಕಡಿಮೆಯಿತ್ತು. ದೇಹವನ್ನೇ ಗುಡಿಯೆಂದು ಕಂಡ ಶರಣರ ನಾಡಿನಲ್ಲಿ ಈ ಆರೈಕೆಯನ್ನು ದೈವದ್ರೋಹ ಎನ್ನಲಾಗದು. ವಿಧಿಯ ಹೆಸರು ಹೇಳಿ, ವೈದ್ಯರನ್ನು ಕೇಳದೆ, ದಯವಿಟ್ಟು ಗುಳಿಗೆ ನಿಲ್ಲಿಸಬೇಡಿ.